ಫಾರ್ಮ್‌ನಿಂದ ಒಕ್ಕಲೆಬ್ಬಿಸಿದ ಮೇಲೆ: ದಕ್ಷಿಣ ಆಫ್ರಿಕಾದಿಂದ ಬಂದ ಒಂದು ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರದ ಕಡೆಯವಳು. ಗಂಡನ ಕೆಲಸದ ಕಾರಣಕ್ಕೆ ಈಗ ಕೇಪ್‌ಟೌನ್‌ನಲ್ಲಿದ್ದೇನೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸಿನ ಅಪ್ಪ ಅಮ್ಮ ವೆಲಿಂಗ್ಟನ್ ಹತ್ತಿರದ ಒಂದು ದ್ರಾಕ್ಷಿ ಫಾರ್ಮ್‌ನಲ್ಲಿದ್ದಾರೆ. ಅಪ್ಪ ಅಲ್ಲೇ ದುಡಿದು ಮುದುಕರಾದವರು, ಈಗ ಕೈಲಾಗುವುದಿಲ್ಲ. ಫಾರ್ಮ್ ಬೇರೆಯವರಿಗೆ ಮಾರಾಟವಾಗಿದೆ. ಹೊಸ ಮಾಲೀಕರು ಒಂದಿಷ್ಟು ದುಡ್ಡು ಕೊಡುತ್ತೇವೆ, ಮನೆ ಖಾಲಿ ಮಾಡಿ ಅಂತ ಕಾಗದ ಕೊಟ್ಟಿದ್ದಾರಂತೆ. ನಮ್ಮೂರಿನ ಕಾಫಿ ತೋಟಗಳಲ್ಲಿ ಆಳುಗಳಿಗೆ ಕೊಡುವ ಲೈನ್ ಮನೆಗಳನ್ನು ನೋಡಿ ಬೆಳೆದವಳಾದ್ದರಿಂದ ನನಗೆ ಇದು ತುಂಬಾ ತಟ್ಟಿತು. ಹೀಗೆ ಹೊರಗೆ ಬಂದವರು ಆಮೇಲೆ ಹೇಗೆ ಬದುಕುತ್ತಾರೆ? ದುಡ್ಡು ತಗೊಂಡು ಹೋಗುವುದೇ ಒಳ್ಳೆಯದಾ?

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ, ಅದಕ್ಕೆ ಅವಸರವಿದೆ. ಅವರು ಸದ್ಯಕ್ಕೆ ಯಾವ ಕಾಗದಕ್ಕೂ ಸಹಿ ಹಾಕಬಾರದು. ಮನೆ ಬಿಟ್ಟು ಕದಲಲೂ ಬಾರದು. ಅಲ್ಲಿ 1997ರಲ್ಲಿ ಬಂದ ಒಂದು ಕಾನೂನಿದೆ, ಎಲ್ಲರೂ ಅದನ್ನು ಎಸ್ಟಾ ಅಂತ ಕರೆಯುತ್ತಾರೆ. ಫಾರ್ಮ್ ಎಷ್ಟು ಸಲ ಕೈ ಬದಲಾದರೂ ಅಲ್ಲಿ ವಾಸ ಇರುವವರ ಹಕ್ಕು ಹೊಸ ಮಾಲೀಕನ ಮೇಲೂ ಬೀಳುತ್ತದೆ ಅಂತ ಅದು ಹೇಳುತ್ತದೆ. ಒಬ್ಬರು 10 ವರ್ಷ ಆ ಜಮೀನಿನಲ್ಲಿ ವಾಸವಿದ್ದು, ವಯಸ್ಸು 60 ದಾಟಿದ್ದರೆ ಅಥವಾ ಅಲ್ಲೇ ದುಡಿದು ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಕೈಲಾಗದವರಾಗಿದ್ದರೆ, ಅವರಾಗಿ ದೊಡ್ಡ ತಪ್ಪು ಮಾಡದ ಹೊರತು ಅವರ ವಾಸದ ಹಕ್ಕನ್ನು ರದ್ದು ಮಾಡಲು ಆಗುವುದಿಲ್ಲ. ನೀವು ಬರೆದಿದ್ದು ನೋಡಿದರೆ ಆ ಅಪ್ಪ ಇದರೊಳಗೆ ಬರುವ ಹಾಗೆ ಕಾಣುತ್ತದೆ. ಹಕ್ಕು ಬಿಟ್ಟುಕೊಡುತ್ತೇನೆ ಅಂತ ಬರೆದುಕೊಟ್ಟ ಕಾಗದವೂ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತಿದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ: ತನ್ನ ಹಕ್ಕು ಏನು ಅಂತ ತಿಳಿದೂ, ಸ್ವಂತ ಇಷ್ಟದಿಂದ ಮನೆ ಬಿಟ್ಟು ಹೋದವರು ಆಮೇಲೆ ವಾಪಸ್ ಸೇರಿಸಿ ಅಂತ ಕೇಸು ಹಾಕುವ ಹಾಗಿಲ್ಲ. ಹಾಗಾಗಿ ದುಡ್ಡು ಕೊಡುವವರಿಗೆ ಸಹಿಗಿಂತ ಜಾಸ್ತಿ ಬೇಕಾಗಿರುವುದು ಆ ಮನೆ ಖಾಲಿಯಾಗುವುದು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಹೊರಗೆ ಬಂದವರು ಹೇಗೆ ಬದುಕುತ್ತಾರೆ?

ಮೊದಲು ಅವರು ಹೇಗೆ ಹೊರಬೀಳುತ್ತಾರೆ ಅನ್ನುವುದು ಗೊತ್ತಿರಬೇಕು, ಯಾಕೆಂದರೆ ಹೊರಬಿದ್ದ ರೀತಿಯೇ ಮುಂದಿನ ಬದುಕನ್ನು ಅರ್ಧ ತೀರ್ಮಾನ ಮಾಡುತ್ತದೆ. ಕೋರ್ಟಿನ ಆದೇಶವಿಲ್ಲದೆ ಯಾರನ್ನೂ ಮನೆಯಿಂದ ಹೊರಹಾಕುವ ಹಾಗಿಲ್ಲ ಅಂತ ಆ ದೇಶದ ಸಂವಿಧಾನವೇ ಹೇಳುತ್ತದೆ. ಎಸ್ಟಾ ಪ್ರಕಾರ ಹಾಗೆ ಮಾಡುವುದು ಅಪರಾಧ, ಎರಡು ವರ್ಷದವರೆಗೆ ಜೈಲು ಆಗಬಹುದು. ಆದರೂ 2005ರಲ್ಲಿ ನ್ಕುಝಿ ಡೆವಲಪ್‌ಮೆಂಟ್ ಅಸೋಸಿಯೇಷನ್ ಅನ್ನುವ ಸಂಸ್ಥೆ ಇನ್ನೊಂದು ಸಮೀಕ್ಷೆ ಸಂಸ್ಥೆಯ ಜೊತೆ ಸೇರಿ ದೇಶವಿಡೀ ಲೆಕ್ಕ ಹಾಕಿದಾಗ ಸಿಕ್ಕಿದ್ದು ಇದು: 1984ರಿಂದ 2004ರವರೆಗೆ ಸುಮಾರು 17 ಲಕ್ಷ ಜನ ಫಾರ್ಮ್‌ಗಳಿಂದ ಒಕ್ಕಲೆದ್ದಿದ್ದಾರೆ, ಅದರಲ್ಲಿ ಕಾನೂನಿನ ದಾರಿಯಲ್ಲಿ ನಡೆದದ್ದು ನೂರಕ್ಕೆ ಒಂದು ಮಾತ್ರ. ಇನ್ನೂ ಕಷ್ಟದ ಸಂಗತಿ ಏನೆಂದರೆ ಅಪಾರ್ಥೈಡ್ ಅಂದರೆ ವರ್ಣಭೇದದ ಆಡಳಿತದ ಕೊನೆಯ ಹತ್ತು ವರ್ಷದಲ್ಲಿ ಹೊರಬಿದ್ದವರು ಸುಮಾರು 7.4 ಲಕ್ಷ, 1994ರಲ್ಲಿ ಎಲ್ಲರಿಗೂ ಓಟು ಬಂದ ಮೇಲಿನ ವರ್ಷಗಳಲ್ಲಿ ಹೊರಬಿದ್ದವರು ಸುಮಾರು 9.4 ಲಕ್ಷ. ಕಾಪಾಡುವ ಕಾನೂನು ಬಂದ ಕಾಲದಲ್ಲೇ ಹೊರಹಾಕುವುದು ಹೆಚ್ಚಾಯಿತು.

ಯಾಕೆ ಅಂದರೆ, ಮಾಲೀಕರಿಗೆ ಕಾನೂನಿನ ಸುಳಿವು ಮೊದಲೇ ಸಿಕ್ಕಿತ್ತು. ಜನ ಜಾಸ್ತಿ ವರ್ಷ ಉಳಿದರೆ ಹಕ್ಕು ಗಟ್ಟಿಯಾಗುತ್ತದೆ, ಅದಕ್ಕೆ ಮುಂಚೆ ಕಳಿಸಿಬಿಡೋಣ ಅಂತ 1997ರ ಆಸುಪಾಸಿನಲ್ಲಿ ಒಂದು ಅಲೆ ಎದ್ದಿತು. 2003ರಲ್ಲಿ ಫಾರ್ಮ್ ಕೆಲಸಗಾರರಿಗೆ ಮೊದಲ ಬಾರಿ ಕನಿಷ್ಠ ಕೂಲಿ ನಿಗದಿಯಾದಾಗ ಇನ್ನೊಂದು. ಅದರ ಮಧ್ಯೆ ಸರಕಾರ ರೈತರಿಗೆ ಕೊಡುತ್ತಿದ್ದ ಬೆಂಬಲ ಕಡಿಮೆಯಾಯಿತು, ಯಂತ್ರಗಳು ಬಂದವು. ನೀವೀಗ ಇರುವ ಕೇಪ್ ಕಡೆಯ ವೈನ್ ಫಾರ್ಮ್‌ಗಳಲ್ಲಿ ಆಳಿನ ಮನೆ ಅಂದರೆ ಒಳ್ಳೆಯ ಗೆಸ್ಟ್ ಹೌಸ್ ಆಗಬಹುದಾದ ಕಟ್ಟಡ. ಈಸ್ಟರ್ನ್ ಕೇಪ್, ಕ್ವಾಝುಲು-ನಟಾಲ್, ಲಿಂಪೋಪೋ ಪ್ರಾಂತ್ಯಗಳ ಕಡೆ ಹೊಲಗಳು ಕಾಡುಪ್ರಾಣಿ ತೋರಿಸುವ ಗೇಮ್ ಫಾರ್ಮ್ ಆದವು, ಅಲ್ಲಿ ಮನುಷ್ಯರ ಊರೇ ಬೇಡ.

ಪೊಲೀಸರು ಬಂದು ಸಾಮಾನು ಹೊರಗೆಸೆಯುವ ದೃಶ್ಯ ಪತ್ರಿಕೆಯಲ್ಲಿ ಬರುತ್ತದೆ, ಆದರೆ ಹೆಚ್ಚಿನವರು ಹಾಗೆ ಹೋಗುವುದಿಲ್ಲ. ನೀರಿನ ಪೈಪು ಒಂದು ದಿನ ಬಂದ್ ಆಗುತ್ತದೆ. ಕರೆಂಟು ಹೋಗುತ್ತದೆ, ರಿಪೇರಿ ಆಗುವುದಿಲ್ಲ. ಗೇಟಿಗೆ ಬೀಗ ಬೀಳುತ್ತದೆ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬಂದ ವ್ಯಾನು ರಸ್ತೆಯಲ್ಲೇ ನಿಲ್ಲಬೇಕು. ಮಗನಿಗೆ 18 ತುಂಬಿತು, ಅವನು ನಮ್ಮಲ್ಲಿ ಕೆಲಸ ಮಾಡುತ್ತಿಲ್ಲ, ಅವನು ಹೋಗಲಿ ಅಂತ ಹೇಳುತ್ತಾರೆ, ಅಥವಾ ಅವನ ತಲೆಗೆ ಬಾಡಿಗೆ ಹಾಕಿ ಅಪ್ಪನ ಕೂಲಿಯಲ್ಲಿ ಹಿಡಿಯುತ್ತಾರೆ. ಸೂರು ಸೋರುತ್ತಿದ್ದರೆ ಸರಿ ಮಾಡುವುದಿಲ್ಲ, ಇವರು ಸರಿ ಮಾಡಿಕೊಳ್ಳಲು ಹೊರಟರೆ ಬಿಡುವುದೂ ಇಲ್ಲ. (ಸ್ಟೆಲೆನ್‌ಬಾಷ್ ಹತ್ತಿರದ ಒಂದು ಫಾರ್ಮ್‌ನ ಹೆಂಗಸು ತನ್ನದೇ ದುಡ್ಡಿನಲ್ಲಿ ನೆಲ ಸಮ ಮಾಡಿಸಿ, ಒಳಗೆ ನೀರು ತಂದು, ಇನ್ನೊಂದು ಕಿಟಕಿ ಇಡಿಸಬೇಕು ಅಂದದ್ದಕ್ಕೆ ಸಂವಿಧಾನ ನ್ಯಾಯಾಲಯದವರೆಗೆ ಹೋಗಬೇಕಾಯಿತು. 2017ರಲ್ಲಿ ಅವರು ಗೆದ್ದರು. ಒಂದು ಕಿಟಕಿಗೆ ದೇಶದ ಅತಿ ದೊಡ್ಡ ಕೋರ್ಟು.) ಹೀಗೆ ಸ್ವಲ್ಪ ಸ್ವಲ್ಪವಾಗಿ ಬದುಕನ್ನು ಹಿಂಡಿದಾಗ ಒಂದು ದಿನ ಆ ಸಂಸಾರವೇ ಯಾರದ್ದೋ ಬಕ್ಕಿ, ಅಂದರೆ ಸಣ್ಣ ಪಿಕಪ್ ಗಾಡಿ, ಬಾಡಿಗೆಗೆ ತಂದು ಹೊರಟುಬಿಡುತ್ತದೆ. ದಾಖಲೆಯಲ್ಲಿ ಅವರನ್ನು ಯಾರೂ ಹೊರಹಾಕಿಲ್ಲ.

ಎಲ್ಲಿಗೆ ಹೋಗುತ್ತಾರೆ? ಬಹಳ ಜನ ಇನ್ನೊಂದು ಫಾರ್ಮ್‌ಗೆ ಹೋಗಿರಬಹುದು ಅಂದುಕೊಳ್ಳುತ್ತಾರೆ. ಹಿಂದೆ ಹಾಗೆ ನಡೆಯುತ್ತಿತ್ತು. ಈಗ ಕೆಲಸ ಕೊಟ್ಟರೂ ಮನೆ ಕೊಡುವ ಫಾರ್ಮ್ ಸಿಗುವುದು ಕಷ್ಟ. ಹೆಚ್ಚಿನವರು ಹತ್ತಿರದ ಸಣ್ಣ ಪೇಟೆಯ ಟೌನ್‌ಶಿಪ್ (ಪೇಟೆಯ ಹೊರಗೆ ಬಿಳಿಯರಲ್ಲದವರಿಗೆಂದು ಮಾಡಿದ್ದ ಬಡಾವಣೆ) ಅಂಚಿಗೆ, ತಗಡಿನ ಗುಡಿಸಲುಗಳ ಸಾಲಿಗೆ ಸೇರುತ್ತಾರೆ. ನಿಮ್ಮ ಕಡೆ ಪಾರ್ಲ್, ವೆಲಿಂಗ್ಟನ್ ಮಧ್ಯದ ಎಂಬೆಕ್ವೇನಿ, ಮಳೆ ನೆರಳಿನ ಹೆಕ್ಸ್ ನದಿ ಕಣಿವೆಯಲ್ಲಾದರೆ ಡಿ ಡೋರ್ನ್ಸ್‌ನ ಗುಡಿಸಲು ಕೇರಿಗಳು. ಸಂಬಂಧಿಕರಿದ್ದರೆ ಅವರ ಹಿತ್ತಲಲ್ಲಿ ಒಂದು ಹಲಗೆ ಶೆಡ್ ಹಾಕಿಕೊಳ್ಳುತ್ತಾರೆ, ಅದಕ್ಕೂ ಬಾಡಿಗೆ. ಮಾಲೀಕರು ಕೊಟ್ಟ ದುಡ್ಡು ಸಾಮಾನ್ಯವಾಗಿ ಈ ಶೆಡ್ಡಿನ ಹಲಗೆ ಮತ್ತು ತಗಡಿಗೆ ಮುಗಿದುಹೋಗುತ್ತದೆ. ಜಾಗ ಯಾರದ್ದೋ, ಕಟ್ಟಿದ್ದು ಮಾತ್ರ ನಮ್ಮದು. ನಾಳೆ ಹಿತ್ತಲಿನವರ ಜೊತೆ ಜಗಳವಾದರೆ ಮತ್ತೆ ಬಿಚ್ಚಿ ಹೊರಬೇಕು. ಒಕ್ಕಲೆದ್ದವರು ಒಮ್ಮೆ ಏಳುವುದಲ್ಲ, ಮತ್ತೆ ಮತ್ತೆ ಏಳುತ್ತಾರೆ.

ಮೊದಲ ಕೆಲವು ತಿಂಗಳಲ್ಲೇ ತಟ್ಟುವುದು ದುಡ್ಡಿನ ಬಿಸಿ. ಫಾರ್ಮ್‌ನಲ್ಲಿದ್ದಾಗ ಕೂಲಿ ಕಡಿಮೆ ಇತ್ತು ನಿಜ. ಆದರೆ ಸೌದೆ ಹೊಲದಿಂದ ಬರುತ್ತಿತ್ತು, ನೀರಿಗೆ ಬಿಲ್ ಇರಲಿಲ್ಲ, ಮನೆ ಹಿಂದೆ ನಾಲ್ಕು ಸಾಲು ತರಕಾರಿ, ಕೆಲವು ಕೋಳಿ. ಕೆಲವು ಕಡೆ ತಿಂಗಳಿಗೆ ಒಂದು ಚೀಲ ಮೆಕ್ಕೆಜೋಳದ ಹಿಟ್ಟು, ಶನಿವಾರ ಪೇಟೆಗೆ ಫಾರ್ಮ್ ಲಾರಿಯಲ್ಲಿ ಹೋಗಿಬರುವ ಅವಕಾಶ. ಇದು ಮಾಲೀಕನ ದಯೆ ಅಂತ ನಾನು ಹೇಳುತ್ತಿಲ್ಲ, ಇದು ಕೂಲಿಯ ಭಾಗವೇ ಆಗಿತ್ತು, ದುಡ್ಡಿನ ರೂಪದಲ್ಲಿ ಕೊಡದ ಕೂಲಿ. ಟೌನ್‌ಶಿಪ್‌ಗೆ ಬಂದ ಮೇಲೆ ಇಷ್ಟಕ್ಕೂ ನಗದು ಬೇಕು. ಕರೆಂಟಿಗೆ ಮೊದಲೇ ದುಡ್ಡು ತುಂಬಿಸಬೇಕು, ಅದು ಮುಗಿದರೆ ಸೀಮೆಎಣ್ಣೆ ಸ್ಟವ್, ಆ ಸ್ಟವ್‌ನಿಂದಲೇ ಎಷ್ಟೋ ಗುಡಿಸಲಿಗೆ ಬೆಂಕಿ ಬೀಳುವುದು. ನೀರು ಸಾರ್ವಜನಿಕ ನಲ್ಲಿಯಲ್ಲಿ, ಪಾಯಖಾನೆ ಹತ್ತಾರು ಮನೆಗೆ ಒಂದು. ರಾತ್ರಿ ಹೆಂಗಸರು ಅಲ್ಲಿಗೆ ಹೋಗಲು ಹೆದರುತ್ತಾರೆ.

ಇನ್ನು ಕೆಲಸ. ಇದನ್ನು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು: ಹೊರಬಿದ್ದವರಲ್ಲಿ ಎಷ್ಟೋ ಜನ ಮತ್ತೆ ದುಡಿಯುವುದು ಫಾರ್ಮ್‌ಗಳಲ್ಲೇ, ಕೆಲವರು ತಾವು ಹುಟ್ಟಿದ ಅದೇ ಫಾರ್ಮ್‌ನಲ್ಲಿ. ಬೆಳಕು ಹರಿಯುವ ಮೊದಲೇ ರಸ್ತೆ ಬದಿ ನಿಂತಿರುತ್ತಾರೆ, ಲೇಬರ್ ಬ್ರೋಕರ್ ಗಾಡಿ ಬರುತ್ತದೆ, ಬೇಕಾದಷ್ಟು ಜನರನ್ನು ಎಣಿಸಿ ಹತ್ತಿಸಿಕೊಂಡು ಹೋಗುತ್ತದೆ. ಹಿಂದಿನ ದಿನ ಎದುರು ಮಾತಾಡಿದವರು ರಸ್ತೆಯಲ್ಲೇ ಉಳಿಯುತ್ತಾರೆ. ದ್ರಾಕ್ಷಿಯ ಕಾಲದಲ್ಲಿ, ಅಂದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಹೇಗೋ ನಡೆಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೇಪ್‌ನ ಚಳಿ ಮಳೆ. ಕೆಲಸವಿಲ್ಲ, ಗುಡಿಸಲೊಳಗೆ ನೀರು. ಆ ತಿಂಗಳುಗಳನ್ನು ದಾಟಿಸುವುದು ಅಜ್ಜ ಅಜ್ಜಿಯ ಪಿಂಚಣಿ ಮತ್ತು ಮಕ್ಕಳ ಹೆಸರಿನ ಸರಕಾರಿ ಸಹಾಯಧನ. 2024ರಲ್ಲಿ ಒಂದು ಮಗುವಿಗೆ ತಿಂಗಳಿಗೆ 530 ರಾಂಡ್ (ಅಲ್ಲಿಯ ನಾಣ್ಯ), ವೃದ್ಧರಿಗೆ 2,200 ರಾಂಡ್‌ನ ಆಸುಪಾಸು ಸಿಗುತ್ತಿತ್ತು. ಒಂದು ಮುದುಕಿಯ ಪಿಂಚಣಿಯಲ್ಲಿ ಏಳೆಂಟು ಜನ ಊಟ ಮಾಡುವ ಮನೆಗಳು ಅಪರೂಪವೇನಲ್ಲ. ಅದೂ ಸಾಲದಾದಾಗ ಬಡ್ಡಿ ಸಾಲದವನು, ಅಲ್ಲಿಯವರು ಮಶೋನೀಸಾ ಅನ್ನುತ್ತಾರೆ, ಪಿಂಚಣಿ ಕಾರ್ಡನ್ನೇ ಅಡವಿಟ್ಟುಕೊಳ್ಳುತ್ತಾನೆ.

ಕೆಲಸಕ್ಕೆ ಹೀಗೆ ಕಾದು ನಿಲ್ಲುವ ಬದುಕು ಜನರನ್ನು ಜನರ ಮೇಲೆಯೇ ಎತ್ತಿಕಟ್ಟುತ್ತದೆ. 2009ರ ನವೆಂಬರ್‌ನಲ್ಲಿ ಡಿ ಡೋರ್ನ್ಸ್‌ನಲ್ಲಿ ಜಿಂಬಾಬ್ವೆಯಿಂದ ಬಂದ ಸುಮಾರು 3,000 ಕೂಲಿಗಳ ಗುಡಿಸಲುಗಳನ್ನು ಅಕ್ಕಪಕ್ಕದವರೇ ಕಿತ್ತು ಓಡಿಸಿದರು, ನಮ್ಮ ಕೆಲಸ ಕಿತ್ತುಕೊಂಡರು ಅನ್ನುವ ಸಿಟ್ಟಿನಲ್ಲಿ. ಮೂರು ವರ್ಷದ ಮೇಲೆ, 2012ರ ಕೊನೆಯಲ್ಲಿ, ಅದೇ ಕಣಿವೆಯಿಂದ ದೊಡ್ಡ ಮುಷ್ಕರ ಎದ್ದಿತು. ದಿನಕ್ಕೆ 69 ರಾಂಡ್ ಇದ್ದ ಕನಿಷ್ಠ ಕೂಲಿ 2013ರ ಮಾರ್ಚ್‌ನಿಂದ 105 ಆಯಿತು. ಅದನ್ನು ಗೆದ್ದವರಲ್ಲಿ ಫಾರ್ಮ್ ಹೊರಗಿನ ಗುಡಿಸಲು ಕೇರಿಯ ಹಂಗಾಮಿ ಕೆಲಸಗಾರರು, ಅದರಲ್ಲೂ ಹೆಂಗಸರು ಮುಂದಿದ್ದರು. ಫಾರ್ಮ್‌ನ ಒಳಗಿದ್ದವರಿಗೆ ಮನೆ ಹೋಗುವ ಭಯ, ಹೊರಗಿದ್ದವರಿಗೆ ಅದು ಆಗಲೇ ಹೋಗಿತ್ತು. ಈ ಗೆಲುವಿನ ಬೆನ್ನಿಗೇ ಹಲವು ಮಾಲೀಕರು ಕಾಯಂ ಆಳುಗಳನ್ನು ಕಡಿಮೆ ಮಾಡಿ, ಮನೆಗಳಿಗೆ ಬಾಡಿಗೆ ಹಾಕಲು ಶುರು ಮಾಡಿದ್ದೂ ಹೌದು.

ಹೆಂಗಸರು ಮತ್ತು ಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ನಾನು ಮೇಲೆ ಹೇಳಿದ ಲೆಕ್ಕದಲ್ಲಿ ಹೊರಬಿದ್ದ ನೂರು ಜನರಲ್ಲಿ 77 ಮಂದಿ ಹೆಂಗಸರು ಮತ್ತು ಮಕ್ಕಳು, ಮಕ್ಕಳೇ ಹೆಚ್ಚುಕಡಿಮೆ ಅರ್ಧ. ಮನೆ ಗಂಡಸಿನ ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಗಂಡ ಸತ್ತರೆ, ಬಿಟ್ಟುಹೋದರೆ, ಅವನ ಕೆಲಸ ಹೋದರೆ ಅವಳೂ ಹೋಗಬೇಕು ಅಂತಲೇ ಮಾಲೀಕರು ನಡೆದುಕೊಂಡು ಬಂದರು. ಅವಳು ಅದೇ ತೋಟದಲ್ಲಿ ಗಂಡನಷ್ಟೇ ವರ್ಷ ಬಳ್ಳಿ ಕತ್ತರಿಸಿ ಹಣ್ಣು ಕೊಯ್ದಿದ್ದರೂ ಹಂಗಾಮಿ ಅಂತಲೇ ಲೆಕ್ಕ. 2016ರಲ್ಲಿ ಕ್ಲಾನ್‌ವಿಲಿಯಂ ಕಡೆಯ ಒಂದು ಪ್ರಕರಣದಲ್ಲಿ ಸಂವಿಧಾನ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು: ಹೆಂಡತಿ ಗಂಡನ ನೆರಳಿನಲ್ಲಿ ಇರುವವಳಲ್ಲ, ಅವಳಿಗೆ ತನ್ನದೇ ವಾಸದ ಹಕ್ಕು ಇರಬಹುದು, ಅವಳನ್ನು ಹೊರಹಾಕಬೇಕಾದರೆ ಅವಳ ಮೇಲೆ ಬೇರೆಯೇ ಕೇಸು ನಡೆಸಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಆ ಅಮ್ಮನಿಗೆ ಇದು ಬೇಕಾಗುತ್ತದೆ.

ಮಕ್ಕಳು ಶಾಲೆ ವರ್ಷದ ಮಧ್ಯದಲ್ಲಿ ಬಿಡುತ್ತಾರೆ. ಹೊಸ ಶಾಲೆಯಲ್ಲಿ ವಿಳಾಸದ ದಾಖಲೆ ಕೇಳುತ್ತಾರೆ, ಗುಡಿಸಲಿಗೆ ಎಲ್ಲಿಯ ವಿಳಾಸ? ಟಿಬಿ ಔಷಧಿ ತಗೊಳ್ಳುತ್ತಿದ್ದವರ ಕಾರ್ಡು ಹಳೆಯ ಕ್ಲಿನಿಕ್‌ನಲ್ಲೇ ಉಳಿದು ಔಷಧಿ ನಿಲ್ಲುತ್ತದೆ. ಗಂಡಸರ ಸ್ಥಿತಿ ಇನ್ನೊಂದು ಥರ. ಕುರಿ, ಬಳ್ಳಿ, ಟ್ರ್ಯಾಕ್ಟರ್ ಬಗ್ಗೆ ಎಲ್ಲ ಗೊತ್ತಿದ್ದ ಮನುಷ್ಯ ಪೇಟೆಯಲ್ಲಿ ಏನೂ ಬಾರದವನಾಗುತ್ತಾನೆ. ಕೇಪ್‌ನ ಫಾರ್ಮ್‌ಗಳಲ್ಲಿ ತಲೆಮಾರುಗಟ್ಟಲೆ ಕೂಲಿಯ ಭಾಗವಾಗಿ ವೈನ್ ಕೊಡುತ್ತಿದ್ದರು, ಅದನ್ನು ನಿಷೇಧಿಸಿ ದಶಕಗಳಾದರೂ ಕುಡಿತ ಮನೆಗಳಲ್ಲಿ ಉಳಿದುಕೊಂಡಿದೆ. ಕೆಲಸವೂ ಹೋದ ಮೇಲೆ ಅದು ಏನು ಮಾಡುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ನಿಮ್ಮ ಪ್ರದೇಶ ಬಿಟ್ಟು ದೇಶದ ಪೂರ್ವಕ್ಕೆ, ಕ್ವಾಝುಲು-ನಟಾಲ್ ಕಡೆ ಹೋದರೆ ನಷ್ಟದ ರೂಪವೇ ಬೇರೆ. ಅಲ್ಲಿಯ ಫಾರ್ಮ್ ಕುಟುಂಬಗಳು ಬರೀ ಕೂಲಿಗಳಲ್ಲ. ವರ್ಷಕ್ಕೆ ಆರು ತಿಂಗಳು ಮಾಲೀಕನಿಗೆ ದುಡಿದು, ಬದಲಿಗೆ ತಮ್ಮ ದನ ಮೇಯಿಸಲು, ಒಂದು ತುಂಡು ಹೊಲ ಉಳಲು ಜಾಗ ಪಡೆಯುತ್ತಿದ್ದವರು. ಬಿಳಿಯರ ಹೆಸರಿಗೆ ಪಟ್ಟಾ ಆಗುವ ಮೊದಲು ಅದೇ ಜಮೀನಿನಲ್ಲಿ ಅವರ ಅಜ್ಜಂದಿರು ಸ್ವತಂತ್ರವಾಗಿದ್ದವರು. 1913ರ ಭೂ ಕಾಯ್ದೆ ಕಪ್ಪು ಜನಕ್ಕೆ ದೇಶದ ನೆಲದಲ್ಲಿ ನೂರಕ್ಕೆ 7 ಪಾಲು ಬಿಟ್ಟು ಉಳಿದ ಕಡೆ ಕೊಳ್ಳುವುದನ್ನೂ ಗೇಣಿಗೆ ಹಿಡಿಯುವುದನ್ನೂ ನಿಲ್ಲಿಸಿತು. ಆ ಚಳಿಗಾಲದಲ್ಲಿ ಸಾಲ್ ಪ್ಲಾಟ್ಯೆ ಅನ್ನುವ ಪತ್ರಕರ್ತ ಸೈಕಲ್ಲಿನಲ್ಲಿ ಫ್ರೀ ಸ್ಟೇಟ್ ಪ್ರಾಂತ್ಯ ಸುತ್ತಿ, ದನಕರುಗಳ ಜೊತೆ ಎಲ್ಲಿಗೂ ಸೇರದೆ ರಸ್ತೆಯಲ್ಲೇ ಇದ್ದ ಸಂಸಾರಗಳನ್ನು ಕಂಡು ಬರೆದಿಟ್ಟ. ದಾರಿಯಲ್ಲಿ ಕೂಸು ಸತ್ತರೆ ಹೂಳಲು ಸ್ವಂತದ್ದು ಅನ್ನುವ ನೆಲವಿಲ್ಲದೆ ರಾತ್ರಿ ಕದ್ದು ಹೂತ ತಂದೆ ತಾಯಿಯರ ಕಥೆ ಅದರಲ್ಲಿದೆ. ಆಮೇಲೆ 1969ರ ಸುಮಾರಿಗೆ ವೀನೆನ್ ಸುತ್ತಮುತ್ತ ಸಾವಿರಾರು ಜನರನ್ನು ಎಬ್ಬಿಸಿ ಪಕ್ಕದ ಒಣ ಮ್ಸಿಂಗಾ ಕಣಿವೆಗೆ ತಳ್ಳಿದರು. 1960ರಿಂದ 1983ರೊಳಗೆ ದೇಶದಲ್ಲಿ ಬಲವಂತವಾಗಿ ಎಬ್ಬಿಸಿದ 35 ಲಕ್ಷ ಜನರಲ್ಲಿ 11 ಲಕ್ಷಕ್ಕೂ ಹೆಚ್ಚು ಮಂದಿ ಫಾರ್ಮ್‌ನವರೇ.

ದನ ಅಂದರೆ ಅಲ್ಲಿ ಎಲ್ಲವೂ. ಮದುವೆಗೆ ಹೆಣ್ಣಿನ ಮನೆಗೆ ಕೊಡುವುದು ದನ, ಹಿರಿಯರಿಗೆ ಎಡೆ ಇಡಲು ದನ, ಮಗನ ಕಾಲೇಜು ಫೀಸಿಗೆ ಮಾರುವುದೂ ದನ. ಟೌನ್‌ಶಿಪ್‌ನಲ್ಲಿ ಅದನ್ನು ಕಟ್ಟಲು ಜಾಗವಿಲ್ಲ. ಹೊರಡುವ ಸಂಸಾರ ಅವಸರದಲ್ಲಿ ಸಿಕ್ಕ ಬೆಲೆಗೆ ಮಾರುತ್ತದೆ. ಅದಕ್ಕೂ ಮೊದಲೇ ಮಾಲೀಕ ದನಗಳನ್ನು ದೊಡ್ಡಿಗೆ ಹಾಕಿಸಿದ್ದರೆ, ಬಿಡಿಸಲು ದಿನ ಲೆಕ್ಕದ ದಂಡ ಕಟ್ಟಲಾರದೆ ದೊಡ್ಡಿಯಲ್ಲೇ ಹರಾಜಾಗುತ್ತವೆ. ಮೂರು ತಲೆಮಾರು ಕೂಡಿಸಿದ ಮಂದೆ ಒಂದೇ ತಿಂಗಳಲ್ಲಿ ಹೋಗುತ್ತದೆ. ಇದಕ್ಕೆ ಯಾವ ಪರಿಹಾರದ ಪಟ್ಟಿಯಲ್ಲೂ ಸರಿಯಾದ ಜಾಗ ಸಿಕ್ಕಿಲ್ಲ, ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯ ಇದು. ಕಾನೂನು ಸೂರನ್ನು ನೋಡುತ್ತದೆ, ಬದುಕು ನಿಂತಿದ್ದ ನೆಲವನ್ನು ನೋಡುವುದಿಲ್ಲ.

ಸಮಾಧಿಗಳೂ ಹಾಗೆಯೇ. ಹಿರಿಯರನ್ನು ಹೂತ ಜಾಗ ಬೇಲಿಯ ಒಳಗೆ ಉಳಿಯುತ್ತದೆ. ಸಮಾಧಿಗೆ ಹೋಗಿಬರುವ, ನೋಡಿಕೊಳ್ಳುವ ಹಕ್ಕು ಕಾನೂನಿನಲ್ಲಿದೆ, ಆದರೆ ಹೊಸದಾಗಿ ಹೂಳುವ ಹಕ್ಕು ಸಾಯುವಾಗ ಅಲ್ಲಿ ವಾಸವಿದ್ದವರಿಗೆ ಮಾತ್ರ. ಹೊರಬಿದ್ದ ಅಜ್ಜ ಟೌನ್‌ಶಿಪ್‌ನಲ್ಲಿ ಸತ್ತರೆ ತನ್ನ ಅಪ್ಪನ ಪಕ್ಕ ಮಲಗುವ ಹಾಗಿಲ್ಲ. ಝುಲು ಜನರಲ್ಲಿ ಉಮ್ಲಾಹ್ಲಾಂಕೋಸಿ ಅನ್ನುವ ಮುಳ್ಳುಮರದ ಕೊಂಬೆ ಹಿಡಿದು, ಸತ್ತವರ ಹೆಸರು ಕರೆದು ಮಾತಾಡಿಸುತ್ತಾ ಅವರ ಜೀವವನ್ನು ಮನೆಗೆ ಕರೆದುಕೊಂಡು ಬರುವ ಪದ್ಧತಿಯಿದೆ. ಒಕ್ಕಲೆದ್ದ ಕೆಲವು ಕುಟುಂಬಗಳು ಹಾಗೆ ಹಿರಿಯರನ್ನೂ ಕರೆದುಕೊಂಡು ಹೊರಡುತ್ತವೆ. ಕೆಲವು ಕುಟುಂಬಗಳು ಬೇಕೆಂದೇ ಕರೆಯುವುದಿಲ್ಲ, ಕರೆದರೆ ನೆಲ ಬಿಟ್ಟುಕೊಟ್ಟ ಹಾಗಾಗುತ್ತದೆ ಅಂತ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು, ಇಲ್ಲದಿದ್ದರೆ ಚಿತ್ರ ಸುಳ್ಳಾಗುತ್ತದೆ. ಹೊರಬಂದ ಎಲ್ಲರೂ ವಾಪಸ್ ಹೋಗಲು ಬಯಸುವುದಿಲ್ಲ. ಅದರಲ್ಲೂ ನಡುವಯಸ್ಸಿನ ಹೆಂಗಸರು. ಇಲ್ಲಿ ನನ್ನ ಅಕ್ಕ ಬಂದರೆ ಗೇಟಿನಲ್ಲಿ ಯಾರನ್ನೂ ಕೇಳಬೇಕಾಗಿಲ್ಲ, ಕ್ಲಿನಿಕ್ ನಡೆಯುವ ದೂರದಲ್ಲಿದೆ, ಮಗಳಿಗೆ ಹೈಸ್ಕೂಲ್ ಇದೆ, ಗಂಡ ಹೊಡೆದರೆ ಪಕ್ಕದವರು ಬರುತ್ತಾರೆ ಅನ್ನುತ್ತಾರೆ. ಫಾರ್ಮ್‌ನ ಬದುಕನ್ನು ಹಸಿರು ಸ್ವರ್ಗ ಅಂತ ನೋಡಬಾರದು. ಅಲ್ಲಿ ಹೊಡೆತವಿತ್ತು, ಬೈಗುಳವಿತ್ತು, ಅಪ್ಪನ ವಯಸ್ಸಿನವರನ್ನು ಹುಡುಗ ಅಂತ ಕರೆಯುವ ಮಾಲೀಕರಿದ್ದರು. ಅವರಿಗೆ ಬೇಕಿರುವುದು ಆ ಹಂಗು ಅಲ್ಲ, ಹಂಗಿಲ್ಲದ ಒಂದು ತುಂಡು ನೆಲ. ನಿಮ್ಮೂರಿನಲ್ಲೂ ಇದನ್ನು ನೋಡಿದ್ದೀರಿ ಅಲ್ವಾ? 2016ರಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಿತ್ತಾಗ ಬೀದಿಗೆ ಬಿದ್ದ ಆದಿವಾಸಿಗಳಲ್ಲಿ ಬಹಳ ಮಂದಿ ಕಾಫಿ ತೋಟದ ಲೈನ್ ಮನೆಗಳಿಂದ ಬಂದವರು. ಲೈನ್ ಮನೆಗೆ ವಾಪಸ್ ಹೋಗಿ ಅಂದರೆ ಅವರು ಒಪ್ಪಲಿಲ್ಲ, ನೆಲ ಕೇಳಿದರು. ಎರಡು ದೇಶದ ಚರಿತ್ರೆ ಬೇರೆ ಬೇರೆ, ಆದರೆ ಕೆಲಸ ಇದ್ದಷ್ಟು ದಿನ ಮಾತ್ರ ಸೂರು ಅನ್ನುವ ಆ ಏರ್ಪಾಡು ಒಂದೇ.

ಸರಕಾರ ಏನು ಮಾಡುತ್ತದೆ ಅಂದರೆ, ಬರೆದಿಟ್ಟಿದ್ದು ಬಹಳ, ಮಾಡಿದ್ದು ಕಡಿಮೆ. ಎಸ್ಟಾದ ನಾಲ್ಕನೇ ಕಲಂ ಪ್ರಕಾರ ಇಂಥವರಿಗೆ ಶಾಶ್ವತ ನೆಲ ಮನೆ ಮಾಡಿಕೊಡಲು ಸರಕಾರ ದುಡ್ಡು ಕೊಡಬಹುದು. ಅದನ್ನು ಬಳಸಿದ್ದು ತೀರಾ ಕಮ್ಮಿ. ಉಚಿತ ಸರಕಾರಿ ಮನೆಯ ಪಟ್ಟಿಯಲ್ಲಿ ಹೆಸರು ಬರೆಸಿದವರು ಹತ್ತಾರು ವರ್ಷ ಕಾಯುತ್ತಾರೆ. ತುರ್ತು ವಸತಿ ಅಂತ ನಗರಸಭೆ ಕೊಡುವುದು ಊರಾಚೆಯ ತಗಡಿನ ಕೋಣೆ, ತಾತ್ಕಾಲಿಕ ಅಂತ ಹೇಳಿ ಅಲ್ಲೇ ವರ್ಷಗಳು ಕಳೆಯುತ್ತವೆ. ಕ್ವಾಝುಲು-ನಟಾಲ್ ಮತ್ತು ಮ್ಪುಮಲಾಂಗಾದಲ್ಲಿ ಹಾಗೆ ದುಡಿದು ದನ ಮೇಯಿಸುತ್ತಿದ್ದ ಕುಟುಂಬಗಳಿಗೆ ನೆಲ ಕೇಳಿ ಅರ್ಜಿ ಹಾಕಲು 1996ರಲ್ಲೇ ಕಾನೂನಾಯಿತು, 2001ರ ಮಾರ್ಚ್‌ವರೆಗೆ ಗಡುವು. ಸಾವಿರಾರು ಅರ್ಜಿಗಳು ಇಲಾಖೆಯ ಕಪಾಟಿನಲ್ಲಿ ಕೊಳೆತು, ಕೊನೆಗೆ 2019ರ ಆಗಸ್ಟ್‌ನಲ್ಲಿ ಸಂವಿಧಾನ ನ್ಯಾಯಾಲಯ ಇಲಾಖೆಯ ಮೇಲೆ ನಂಬಿಕೆ ಕಳೆದುಕೊಂಡು, ಈ ಅರ್ಜಿಗಳನ್ನು ನೋಡಿಕೊಳ್ಳಲು ಹೊರಗಿನ ಒಬ್ಬ ವಿಶೇಷ ಅಧಿಕಾರಿಯನ್ನು ನೇಮಿಸಬೇಕೆಂದಿತು. ಅಷ್ಟರಲ್ಲಿ ಎಷ್ಟೋ ಅರ್ಜಿದಾರರು ತೀರಿಕೊಂಡಿದ್ದರು. ಅದೇ ವರ್ಷ ಪೀಟರ್‌ಮಾರಿಟ್ಸ್‌ಬರ್ಗ್ ಹೈಕೋರ್ಟು, ಖಾಸಗಿ ಜಮೀನಿನಲ್ಲಿದ್ದಾರೆ ಅನ್ನುವ ನೆಪ ಹೇಳಬೇಡಿ, ಫಾರ್ಮ್ ವಾಸಿಗಳಿಗೂ ನೀರು, ಪಾಯಖಾನೆ, ಕಸ ವಿಲೇವಾರಿ ಕೊಡಿ ಅಂತ ಅಲ್ಲಿಯ ಸ್ಥಳೀಯ ಆಡಳಿತಗಳಿಗೆ ಆದೇಶ ಮಾಡಿತು. ಇಂಥ ತೀರ್ಪುಗಳನ್ನು ತಂದವರು 1979ರಿಂದ ಅಲ್ಲಿ ಕೆಲಸ ಮಾಡುತ್ತಿರುವ ಆಫ್ರಾದಂಥ ಭೂಹಕ್ಕಿನ ಸಣ್ಣ ಸಂಸ್ಥೆಗಳು ಮತ್ತು ಹಟ ಬಿಡದ ಮುದುಕ ಮುದುಕಿಯರು.

ಈಗ ನಿಮ್ಮ ಮನೆಗೆ ಬರುವ ಹೆಂಗಸಿನ ಅಪ್ಪ ಅಮ್ಮನ ವಿಷಯ. ಆ ಕಾಗದ ಏನು ಅಂತ ಮೊದಲು ನೋಡಿ. ಮಾಲೀಕರ ವಕೀಲರ ಪತ್ರವೋ, ಕೋರ್ಟಿನಿಂದ ಬಂದ ಕಾಗದವೋ? ಪತ್ರವಾದರೆ ಅದಕ್ಕೆ ಯಾರನ್ನೂ ಹೊರಹಾಕುವ ಬಲವಿಲ್ಲ. ಕೋರ್ಟಿಗೆ ಹೋಗಬೇಕಾದರೂ ಎರಡು ತಿಂಗಳು ಮೊದಲು ಇವರಿಗೆ, ನಗರಸಭೆಗೆ, ಭೂ ಇಲಾಖೆಯ ಪ್ರಾಂತ್ಯ ಕಚೇರಿಗೆ ನೋಟಿಸ್ ಕೊಡಬೇಕು. ಕೋರ್ಟಿನ ಸಮನ್ಸ್ ಆಗಿದ್ದರೆ ಮಾತ್ರ ಒಂದು ದಿನವೂ ತಡಮಾಡಬಾರದು, ಉತ್ತರ ಕೊಡದೆ ಸುಮ್ನೆ ಇದ್ದರೆ ಇವರ ಮಾತು ಕೇಳದೆಯೇ ಆದೇಶ ಆಗಬಹುದು. ವಕೀಲರಿಗೆ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಇಂಥ ಪ್ರಕರಣಗಳಲ್ಲಿ ಸರಕಾರದ ಖರ್ಚಿನಲ್ಲಿ ವಕೀಲರು ಸಿಗಬೇಕು ಅಂತ 2001ರಲ್ಲೇ ಭೂ ನ್ಯಾಯಾಲಯ ಹೇಳಿದೆ, ಈಗ ಲೀಗಲ್ ಏಡ್ ಸೌತ್ ಆಫ್ರಿಕಾ ಈ ಕೆಲಸ ನೋಡುತ್ತದೆ. ಅವರ ಹತ್ತಿರದ ಕಚೇರಿಗೆ ಮಗಳ ಜೊತೆ ನೀವೇ ಒಮ್ಮೆ ಹೋದರೆ ಒಳ್ಳೆಯದು, ಕಾರಿದ್ದರೆ ಅವರಿಗೆ ಒಂದು ದಿನದ ಕೂಲಿ ಮತ್ತು ಟ್ಯಾಕ್ಸಿ ದುಡ್ಡು ಉಳಿಯುತ್ತದೆ.

ಅಪ್ಪನ ಹಕ್ಕು ಗಟ್ಟಿ ಅಂತ ಅಮ್ಮನ ವಿಷಯ ಮರೆಯಬೇಡಿ. ಇಂಥ ಹಿರಿಯರು ತೀರಿಕೊಂಡ ಮೇಲೆ ಅವರನ್ನು ಅವಲಂಬಿಸಿದವರಿಗೆ 12 ತಿಂಗಳ ನೋಟಿಸ್ ಕೊಟ್ಟು ವಾಸ ಮುಗಿಸಲು ಕಾನೂನು ಬಿಡುತ್ತದೆ. ಮಾಲೀಕರು ಎಷ್ಟೋ ಸಲ ಅದಕ್ಕೇ ಕಾಯುತ್ತಾರೆ. ಅಮ್ಮ ತಾನೂ 10 ವರ್ಷದಿಂದ ಅಲ್ಲಿದ್ದು 60 ದಾಟಿದ್ದರೆ ಅವರ ಹಕ್ಕು ಅವರದ್ದೇ. ಹಾಗಾಗಿ ವಕೀಲರ ಬಳಿ ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ವಿವರ ಬರೆಸಿ: ಯಾವ ವರ್ಷ ಬಂದರು, ಯಾವ ಕೆಲಸ, ಮಕ್ಕಳು ಎಲ್ಲಿ ಹುಟ್ಟಿದರು, ಯಾರನ್ನು ಅಲ್ಲಿ ಹೂತಿದ್ದಾರೆ. ಹಳೆಯ ಸಂಬಳದ ಚೀಟಿ, ಮಕ್ಕಳ ಶಾಲೆ ಕಾರ್ಡು, ಕ್ಲಿನಿಕ್ ಕಾರ್ಡು, ಚರ್ಚಿನ ನಾಮಕರಣದ ಚೀಟಿ, ಏನಿದ್ದರೂ ಎತ್ತಿಟ್ಟುಕೊಳ್ಳಲಿ. ಎಲ್ಲದರ ಫೋಟೊ ಮಗಳ ಫೋನಿನಲ್ಲೂ ಇರಲಿ. ನೀರು, ಕರೆಂಟು ನಿಲ್ಲಿಸಿದರೆ ತಾರೀಖು ಬರೆದಿಟ್ಟು ಆ ದಿನವೇ ಪೊಲೀಸ್ ಠಾಣೆಗೆ ದೂರು ಕೊಡಲಿ, ದೂರಿನ ನಂಬರ್ ಕೇಳಿ ಪಡೆಯಲಿ.

ಎಲ್ಲ ಕೇಳಿದ ಮೇಲೂ ಆ ದಂಪತಿಗಳೇ ಹೋಗುತ್ತೇವೆ ಅಂದರೆ, ಅದು ಅವರ ತೀರ್ಮಾನ, ನಾವು ಒತ್ತಾಯ ಮಾಡಬಾರದು. ಆಗ ಕೇಳಬೇಕಾದದ್ದು ನಗದು ಅಲ್ಲ, ಅವರ ಹೆಸರಿಗೆ ನೋಂದಣಿಯಾದ ಮನೆ ಮತ್ತು ಅದರ ನೆಲ, ಎಂಬೆಕ್ವೇನಿಯಲ್ಲೋ ವೆಲಿಂಗ್ಟನ್‌ನಲ್ಲೋ, ಮಗಳಿಗೆ ಹತ್ತಿರ. ಸಮಾಧಿಗೆ ಹೋಗಿಬರುವ ಹಕ್ಕನ್ನೂ ಒಪ್ಪಂದದಲ್ಲಿ ಬರೆಸಲಿ. ಆ ಒಪ್ಪಂದ ಕೋರ್ಟಿನ ಆದೇಶದೊಳಗೆ ಸೇರಬೇಕು, ಆಗ ಮಾತು ತಪ್ಪಿದ ಮಾಲೀಕರನ್ನು ಕೋರ್ಟು ಕೇಳುತ್ತದೆ. ಹೊಸ ಮನೆಯ ಬೀಗದ ಕೈ ಕೈಗೆ ಬರುವವರೆಗೆ ಹಳೆಯ ಮನೆಯಿಂದ ಒಂದು ಮಂಚವನ್ನೂ ಹೊರಗಿಡಬಾರದು.